ಎರಡೇ ಸೀಟಿನ ಕಾರುಗಳು

ಮೈಸೂರಿನಿಂದ ಬೆಳಗಿನ ಬಸ್ಸು ಹತ್ತಿ, ಹುಣಸೂರು, ಕುಶಾಲನಗರ ದಾಟಿ ಸೋಮವಾರಪೇಟೆಯಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಭಾವ ಶಿವಲಿಂಗಪ್ಪ ಕಾಫಿ ಬೆಳೆಗಾರರು. ಮಾರಾಟಕ್ಕಿದ್ದ, ಎರಡೇ ಸೀಟಿನ ಎರಡು ಕಾರುಗಳಲ್ಲಿ ಒಂದನ್ನು ಆರಿಸಿಕೊಡಲು, ಮೋಟಾರು ರಿಪೇರಿಯವನಾದ ನನ್ನನ್ನು ಕರೆಸಿದ್ದರು. ನನಗೆ ಬೇರೆ ಕೆಲಸವೂ ಇತ್ತು. ಹಾಸಿಗೆ ಹಿಡಿದಿದ್ದ ಅವ್ವ ಅಕ್ಕನಿಗಾಗಿ ಹಂಬಲಿಸುತ್ತಿದ್ದಳು. ಮದುವೆಯಾದ ಮೇಲೆ ಭಾವ ಅಕ್ಕನನ್ನು ತವರಿಗೆ ಕಳಿಸಿದ್ದು ಒಂದೇ ಸಲ.

ಅಕ್ಕಿರೊಟ್ಟಿ ಬಡಿಸುತ್ತ ಅಕ್ಕ ಮೆಲ್ಲಗೆ ಕೇಳಿದಳು, "ಅವ್ವ ಮಾತಾಡ್ತಾಳೇನೋ?"

"ಆಡ್ತಾಳೆ. ನಿನ್ನನ್ನೇ ಕೇಳ್ತಾಳೆ."

ಭಾವ ತಲೆಯೆತ್ತದೆ ಹೇಳಿದರು, "ಕಾರಿನ ಕೆಲಸ ಮುಗೀಲಿ. ಆಮೇಲೆ ಕರ್ಕೊಂಡು ಹೋಗಪ್ಪ, ಬ್ಯಾಡ ಅಂದೋರ್ಯಾರು?"

ಮರುದಿನ ಜೀಪಿನಲ್ಲಿ ಚೆಟ್ಟಳ್ಳಿಗೆ ಹೋದೆವು. ಮಳೆ ಬಿದ್ದು ಕಾಫಿ ಹೂ ಅರಳಿತ್ತು. ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯದು ಉದ್ದ ಮೂತಿಯ ಹಸಿರು ಕಾರು. ಒಳಗೆ ಮರದ ಹಲಗೆ, ಹಳೆಯ ಚರ್ಮದ ವಾಸನೆ. ಏರಿನಲ್ಲಿ ಗೇರು ಇಳಿಸದೆಯೂ ಉಸಿರುಗಟ್ಟದೆ ಹತ್ತಿತು.

ಅದರ ಮರುದಿನ ಪೊನ್ನಂಪೇಟೆಯ ಕೊಡವ ಪ್ಲಾಂಟರೊಬ್ಬರ ಮನೆಯಲ್ಲಿ ಇಟಲಿಯ ಕೆಂಪು ಕಾರು ನೋಡಿದೆವು. ಸ್ಟೇರಿಂಗು ಎಡಕ್ಕೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. "ಮೆಲ್ಲ ಓಡಿಸಿದ್ರೆ ಇದಕ್ಕೆ ಸಿಟ್ಟು ಬರ್ತದೆ," ಎಂದರು ಅವರು. ನಿಜವೇ. ವೇಗ ಏರಿದ ಮೇಲೆಯೇ ಎಂಜಿನ್ನು ಹಾಡತೊಡಗಿತು. ಬೆರಳು ಅಲುಗಿಸಿದರೆ ಸಾಕು, ಕಾರು ತಿರುಗುತ್ತಿತ್ತು. ಅಂಥದ್ದನ್ನು ನಾನು ಮತ್ತೆ ಓಡಿಸಿಲ್ಲ.

"ಮನೆಗಾದ್ರೆ ದೊರೆಯ ಹಸಿರು ಕಾರೇ ಸರಿ ಭಾವ. ನಮ್ಮ ರಸ್ತೆಗೆ ಇದು ಬಾಳಲ್ಲ."

"ಮನೆಗೆ ಜೀಪಿದೆಯಲ್ಲ," ಎಂದು ಭಾವ ಕೆಂಪು ಕಾರನ್ನೇ ಕೊಂಡರು.

ಮರುದಿನ ಬೆಳಿಗ್ಗೆ ಅಕ್ಕ ಟ್ರಂಕು ಕಟ್ಟಿ ನಿಂತಿದ್ದಳು. ಭಾವ ಕಾರು ಒರೆಸುತ್ತಿದ್ದರು. "ಇಂಥ ಕಾರು ಮನೆಗೆ ಬಂದಿರೋವಾಗ ನೀನು ಬಸ್ಸಲ್ಲಿ ಹೋದ್ರೆ ಊರೋರು ಏನಂತಾರೆ? ಮುಂದಿನ ತಿಂಗಳು ನೋಡೋಣ."

ಅಕ್ಕ ಟ್ರಂಕೆತ್ತಿ ಬಸ್ಸಿನ ಕಡೆ ನಡೆದಳು. ನಾನು ಹಿಂದೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಒಮ್ಮೆಯೂ ಹಿಂದೆ ನೋಡಲಿಲ್ಲ.

ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಕೆಂಪು ಕಾರು ಬಸ್ಸನ್ನು ಹಿಂದೆ ಹಾಕಿ ಅಡ್ಡ ನಿಂತಿತು. ಭಾವ ಕಿಟಕಿಯ ಬಳಿ ಬಂದರು. ದನಿ ಮೆತ್ತಗಿತ್ತು. "ಇಳಿ ಗಿರಿಜಾ. ಮೈಸೂರಿಗೆ ನಾನೇ ಬಿಡ್ತೀನಿ. ಬಸ್ಸಿಗಿಂತ ಮೊದ್ಲೇ ಅವ್ವನ ಹತ್ರ ಇರ್ತೀಯ."

ಅಕ್ಕನ ಮುಖ ಅರಳಿತು. "ಬೇಗ ನೋಡಬಹುದಲ್ಲೋ," ಎಂದು ಇಳಿದುಹೋದಳು. ಎರಡೇ ಸೀಟಿನ ಕಾರಿನಲ್ಲಿ ನನಗಾಗಲಿ ಟ್ರಂಕಿಗಾಗಲಿ ಜಾಗವಿರಲಿಲ್ಲ. ಅದು ಬಸ್ಸಿನ ಮೇಲೆಯೇ ಉಳಿಯಿತು.

ಬಸ್ಸು ಮುಂದೆ ಸಾಗಿದಾಗ ಹಿಂದಿನ ಗಾಜಿನಿಂದ ನೋಡಿದೆ. ಕಾರು ಸೋಮವಾರಪೇಟೆಯ ಕಡೆಗೆ ತಿರುಗಿತ್ತು. ಅಕ್ಕನ ಕೈ ಕಿಟಕಿಯಿಂದ ಹೊರಚಾಚಿತ್ತು. ನಾನು ಕೂಗಿ ಬಸ್ಸು ನಿಲ್ಲಿಸುವಷ್ಟರಲ್ಲಿ ಕಾರು ತಿರುವು ದಾಟಿ ಮರೆಯಾಯಿತು.

ಮೈಸೂರಿಗೆ ಬಂದವರು ನಾನು ಮತ್ತು ಆ ಟ್ರಂಕು. ಅವ್ವ ಅದನ್ನು ಮುಟ್ಟಿ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು.