ಅವರೆಕಾಯಿ ರಾಶಿಯ ಮುಂದೆ ಜರ್ಮನ್

ಗುಬ್ಬಿ ಬಸ್ ಸ್ಟ್ಯಾಂಡಿಗೆ ನಾವು ಬಂದಾಗ ಬೆಳಿಗ್ಗೆ ಎಂಟು ಗಂಟೆ. ಚಳಿ ಇನ್ನೂ ಬಿಟ್ಟಿರಲಿಲ್ಲ; ರಸ್ತೆಯಾಚೆಯ ಅಂಗಡಿಗಳು ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿದ್ದವು. ನಾನು ಒಬ್ಬಳೇ ಹೊರಡಬೇಕಾಗಿದ್ದ ಪ್ರಯಾಣ ಇದು. ಆದರೆ ಹಿಂದಿನ ದಿನ ನಮ್ಮ ಅತ್ತೆ ಗಂಗಮ್ಮನವರು, "ನಾನೂ ಬರ್ತೀನಿ. ನಿಂಗೆ ಆ ಭಾಷೆ ಬರುತ್ತೋ ಇಲ್ವೋ ನಾನೇ ಕಣ್ಣಾರೆ ನೋಡ್ಬೇಕು" ಎಂದುಬಿಟ್ಟರು. ಅವರು ಹೀಗೆಂದ ಮೇಲೆ ಎದುರು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ನಮ್ಮನೆಯವರು ಎರಡು ವರ್ಷದ ಹಿಂದೆ ತುಮಕೂರಿನ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿದ್ದ ವೆಲ್ಡಿಂಗ್ ಕೆಲಸ ಬಿಟ್ಟು ಜರ್ಮನಿಗೆ ಹೋದರು. ನಾನೂ ಏಳು ವರ್ಷದ ಮಗಳು ಚಿನ್ನುವೂ ಅಲ್ಲಿಗೆ ಹೋಗಬೇಕಾದರೆ ನಾನು ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾಗಬೇಕು. ಒಂದು ಸಲ ಕೂತು ಫೇಲಾಗಿದ್ದೆ. ಓದುವುದು ಬರೆಯುವುದು ಹೇಗೋ ಆಯಿತು, ಮಾತಿನಲ್ಲಿ ಮುಗ್ಗರಿಸಿದೆ. ನನ್ನ ಪರಿಚಯವನ್ನು ಹೆಸರು, ವಯಸ್ಸು, ಊರು, ಭಾಷೆ, ಕೆಲಸ ಎಂದು ಸಾಲಾಗಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಊರಿನ ಹೆಸರಿಗೆ ಬರುವಷ್ಟರಲ್ಲಿ ಎದುರಿಗಿದ್ದ ಮೇಡಂ ನಡುವೆ ಏನೋ ಕೇಳಿದರು. ನಾನು ಗಾಬರಿಯಾಗಿ ಮತ್ತೆ "ಗುಟನ್ ಟಾಗ್" ಎಂಬ ನಮಸ್ಕಾರದಿಂದಲೇ ಶುರು ಮಾಡಿದೆ. ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ನಮಸ್ಕಾರ ಹೇಳಿದೆ. ಆಮೇಲೆ ಪಕ್ಕದಲ್ಲಿ ಕೂತವರಿಗೆ ನಾನೇ ಪ್ರಶ್ನೆ ಕೇಳಬೇಕಿತ್ತು. ಬಾಯಿಗೆ ಬೀಗ ಬಿದ್ದಿತ್ತು.

ಎರಡನೆಯ ಪರೀಕ್ಷೆ ಅದೇ ವಾರದ ಶನಿವಾರ ಇತ್ತು. ಇದೂ ಹೋದರೆ ಚಿನ್ನು ಅಪ್ಪನನ್ನು ಇನ್ನೊಂದು ವರ್ಷ ಫೋನಿನಲ್ಲೇ ನೋಡಬೇಕು. "ಒಂದ್ಸಲ ಆಗ್ಲಿಲ್ಲ ಅಂದ್ಮೇಲೆ ಬುಡು, ಅವ್ನೇ ವಾಪಸ್ ಬರ್ಲಿ" ಎನ್ನುವುದು ಅತ್ತೆಯ ವಾದ. ಅವರ ಮಾತನ್ನು ಮಗ ತೆಗೆದುಹಾಕುವವರಲ್ಲ. ಹಾಗಾಗಿ ಮೇಡಂಗಿಂತ ಮೊದಲು ನಾನು ಅತ್ತೆಯನ್ನು ಒಪ್ಪಿಸಬೇಕಿತ್ತು.

ನಾವು ಹೊರಟದ್ದು ಕುಣಿಗಲ್ಲಿಗೆ. ಅಲ್ಲಿ ಊಟದ ಹೋಟೆಲ್ ನಡೆಸುವ ನಂಜುಂಡಪ್ಪ ಎನ್ನುವವರು ಹದಿಮೂರು ವರ್ಷ ಜರ್ಮನಿಯ ಹೋಟೆಲೊಂದರಲ್ಲಿ ಅಡುಗೆ ಮಾಡಿ ಬಂದವರೆಂದು ಜರ್ಮನ್ ಕ್ಲಾಸಿನ ಗೆಳತಿಯೊಬ್ಬಳು ಹೇಳಿದ್ದಳು. ಫೋನ್ ಮಾಡಿ ನನ್ನ ಕಷ್ಟ ಹೇಳಿಕೊಂಡಿದ್ದಕ್ಕೆ, "ಮಧ್ಯಾಹ್ನದ ರಶ್ ಮುಗಿಯೋ ಹೊತ್ಗೆ ಬನ್ನಿ" ಎಂದಿದ್ದರು.

ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ಸರ್ಕಾರಿ ಬಸ್ಸು, ಆಧಾರ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ನಾನು ಕಿಟಕಿಗೆ ಒರಗಿ ಪರಿಚಯದ ಪಾಠವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಅಷ್ಟರಲ್ಲಿ ಮುಂದಿನ ಸೀಟಿನ ಹೆಂಗಸಿನ ಊರು, ಮನೆತನ, ಮಕ್ಕಳೆಷ್ಟು, ಗಂಡನಿಗೇನು ಕೆಲಸ ಎಂಬುದನ್ನೆಲ್ಲ ತಿಳಿದುಕೊಂಡಿದ್ದರು. ಆಕೆ ಬೆಳ್ಳಾವಿಯವಳಂತೆ, ಗಂಡ ಟ್ರ್ಯಾಕ್ಟರ್ ಇಟ್ಟಿದ್ದಾನಂತೆ. ನಡುನಡುವೆ ನನ್ನನ್ನೂ ತಿವಿದು, "ಅಲ್ನೋಡು, ಆ ತೋಟಕ್ಕೆ ಎಂಥಾ ಬೇಲಿ ಹಾಕವ್ರೆ" ಎನ್ನುವರು. ನಾನು ನೋಡಿ, ತಿರುಗಿ ನಮಸ್ಕಾರದಿಂದ ಶುರು ಮಾಡುವೆ. ನಾಲ್ಕನೇ ಸಲಕ್ಕೆ ಅತ್ತೆಗೆ ಗೊತ್ತಾಯಿತು.

"ಅಲ್ಲ ಕಣೇ ಸವಿತಾ, ಮಗ್ಗಿ ಒಪ್ಪಿಸೋ ಹುಡುಗ್ರಂಗೆ ಮತ್ತೆ ಮತ್ತೆ ಮೊದ್ಲಿಂದ ಹೇಳ್ತೀಯಲ್ಲ. ಯಾರಾದ್ರೂ ನಡುವ್ನಲ್ಲಿ ಕೇಳಿದ್ರೆ ಏನ್ ಮಾಡ್ತೀಯ?"

ಅದೇ ನನ್ನ ರೋಗ ಅತ್ತೆ, ಎನ್ನಲು ನಾಚಿಕೆಯಾಗಿ ಕಿಟಕಿಯತ್ತ ತಿರುಗಿದೆ.

ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಅಭ್ಯಾಸದ ಚೀಟಿಗಳನ್ನು ಜೆರಾಕ್ಸ್ ಮಾಡಿಸಿದೆ: ಒಂದೊಂದು ಚೀಟಿಯಲ್ಲಿ ಒಂದೊಂದು ಪದ, ಆ ಪದ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕು. ಅಂಗಡಿಯವನು ಏನೆಂದು ವಿಚಾರಿಸಿದ. "ಜರ್ಮನಿಗೆ ಹೋಗೋ ಪರೀಕ್ಷೆ ಕಣಪ್ಪ. ಒಂದ್ಸಲ ಹೋಯ್ತು" ಎಂದು ಅತ್ತೆ ನನ್ನ ಮಾನವನ್ನು ಅಲ್ಲಿಯೂ ಹರಾಜಿಗಿಟ್ಟರು. ಆತ ಒಳ್ಳೆಯವನು. "ನಾನ್ ಎಸ್ಸೆಸ್ಸೆಲ್ಸಿ ಮೂರ್ ಸಲ ಕಟ್ಟಿದ್ದೆ ಅಕ್ಕ, ತಲೆ ಕೆಡಿಸ್ಕೋಬೇಡಿ" ಎಂದು ಚೀಟಿಗಳನ್ನು ನೀಟಾಗಿ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ. ಆ ಒಂದು ಮಾತಿಗೆ ನಾನು ಈಗಲೂ ಅವನನ್ನು ನೆನೆಯುತ್ತೇನೆ.

ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಒಂದೂಕಾಲು ಗಂಟೆ ಹಿಡಿಯಿತು. ಮಂಜು ಕರಗಿ ಬಿಸಿಲು ಹಿತವಾಗಿತ್ತು. ದಾರಿಯುದ್ದಕ್ಕೂ ರಾಗಿ ಕೊಯ್ದ ಹೊಲಗಳು, ತೆಂಗಿನ ತೋಟಗಳು. ಊರಲ್ಲಿ ದೊಡ್ಡಕೆರೆ ನೋಡಿ, ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು, ಒಂದೂವರೆಗೆ ಹುಲಿಯೂರುದುರ್ಗದ ರಸ್ತೆಯಲ್ಲಿರುವ ಹೋಟೆಲಿಗೆ ಹೋದೆವು. ಆರೇ ಮೇಜು, ಎಲ್ಲವೂ ತುಂಬಿದ್ದವು. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ. ಇಬ್ಬರಿಗೆ ನೂರಾ ನಲವತ್ತು ರೂಪಾಯಿ. ಅತ್ತೆ ಬೇರೆಯವರ ಸಾರನ್ನು ಹೊಗಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಎರಡೂವರೆಗೆ ನಂಜುಂಡಪ್ಪ ಟವೆಲಿನಲ್ಲಿ ಕೈಯೊರೆಸುತ್ತಾ ಬಂದರು. ಅರವತ್ತರ ಹತ್ತಿರದ, ಸಣ್ಣ ಆಳು. ನಾನು ಎದ್ದು ನಿಂತು ಬ್ಯಾಗಿನಿಂದ ಪುಸ್ತಕ ತೆಗೆದೆ.

"ಬುಕ್ ಒಳಗಿಡಿ ತಾಯಿ. ನಂಗೆ ಗ್ರಾಮರ್ ಗೀಮರ್ ಗೊತ್ತಿಲ್ಲ. ಹಿತ್ಲಿಗೆ ಬನ್ನಿ, ನಾಳೆಗೆ ಅವರೆಕಾಯಿ ಬಿಡಿಸ್ಬೇಕು."

ಹಿತ್ತಲಿನಲ್ಲಿ ಗೋಣಿಚೀಲದ ಮೇಲೆ ಸೊಗಡವರೆಯ ರಾಶಿ ಬಿದ್ದಿತ್ತು. ನನಗೆ ಒಳಗೊಳಗೇ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಕಾಯಿ ಸುಲಿಯುವುದಕ್ಕೇ? ಅತ್ತೆ ಮಾತ್ರ ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟರು. ನಾನೂ ಕೂತೆ.

"ನೋಡಮ್ಮ, ಊಟ ಮಾಡ್ತಾ ಪಕ್ಕದ ಮೇಜಿನೋರ್ನ ಕೇಳ್ತಿದ್ರಲ್ಲ, ಹಂಗೇ ಕೇಳ್ತಾ ಹೋಗಿ" ಎಂದು ನಂಜುಂಡಪ್ಪ ಅತ್ತೆಗೆ ಹೇಳಿದರು. "ಕನ್ನಡದಲ್ಲೇ ಕೇಳಿ, ಸೊಸೆ ಜರ್ಮನ್‌ನಲ್ಲಿ ಹೇಳ್ಲಿ. ತಪ್ಪಿದ್ರೆ ನಾನಿದೀನಿ."

ಅತ್ತೆಗೆ ಹೇಳಿಕೊಡಬೇಕೆ? ಯಾವೂರು, ಎಷ್ಟು ಮಕ್ಕಳು, ಎಷ್ಟೊತ್ತಿಗೆ ಏಳುತ್ತೀಯ, ಏನು ಓದಿದ್ದೀಯ. ಉತ್ತರ ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ. ಊರಿನಿಂದ ಮಗಳಿಗೆ, ಮಗಳಿಂದ ಮನೆಗೆ ಹಾರುವರು. ಮೊದಮೊದಲು ನಾನು ಎರಡು ಸಲ ನಮಸ್ಕಾರಕ್ಕೆ ಓಡಿದೆ. "ನಮಸ್ಕಾರ ಆಯ್ತಲ್ಲ ತಾಯಿ, ಮುಂದೆ" ಎಂದು ನಂಜುಂಡಪ್ಪ ನಕ್ಕರು. ಕೈ ಕಾಯಿ ಬಿಡಿಸುತ್ತಿತ್ತು, ಕಣ್ಣು ಹುಳ ನೋಡುತ್ತಿತ್ತು, ಹೆದರಿಕೆಗೆ ಪುರುಸೊತ್ತೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಸರಿಯೋ ತಪ್ಪೋ, ಕೇಳಿದ್ದಕ್ಕೆ ಉತ್ತರ ಬರತೊಡಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಕಾಳನ್ನು ಸಿಪ್ಪೆಗೂ ಹಾಕುತ್ತಿದ್ದೆ.

"ಈಗ ನೀವು ಕೇಳಿ, ಅತ್ತೆ ಹೇಳ್ಲಿ" ಎಂದರು ನಂಜುಂಡಪ್ಪ. ಚೀಟಿಗಳನ್ನು ಹರಡಿ ಒಂದನ್ನು ಎತ್ತಿಕೊಟ್ಟರು. 'ಎಸನ್' ಎಂದಿತ್ತು, ಅಂದರೆ ಊಟ. ನನಗೆ ನಾಲಿಗೆ ಹೊರಳಲಿಲ್ಲ. ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಅತ್ತೆ ಕೇಳುವುದು, ನಾನು ಉತ್ತರ ಕೊಡುವುದು, ಹೀಗೇ ನಡೆದಿದೆ. ಅವರನ್ನು ನಾನಾಗಿ ಏನನ್ನಾದರೂ ಕೇಳಿದ್ದುಂಟೇ? ತಲೆ ತಗ್ಗಿಸಿಕೊಂಡೇ, "ವಾಸ್ ಎಸನ್ ಜೀ ಗೆರ್ನ?" ಎಂದೆ.

"ನಿಮ್ಗೆ ಏನ್ ತಿನ್ನಕ್ಕೆ ಇಷ್ಟ ಅಂತ ಕೇಳ್ತಾವ್ರೆ" ಎಂದು ನಂಜುಂಡಪ್ಪ ತಿಳಿಸಿದರು.

ಬೆಳಗಿನಿಂದ ಎಲ್ಲರನ್ನೂ ಕೇಳುತ್ತಲೇ ಇದ್ದ ಅತ್ತೆ ನನ್ನತ್ತ ತಿರುಗಿದರು. ಕೈಯಲ್ಲಿದ್ದ ಕಾಯಿ ಹಾಗೇ ಇತ್ತು.

"ನಂಗಾ? ಅಯ್ಯೋ, ಇದ್ನ ಯಾರೂ ಕೇಳೇ ಇಲ್ಲ ಕಣಮ್ಮ." ಆ ಕಾಯಿಯನ್ನು ಬಿಡಿಸುತ್ತಾ, "ಬನ್ನು. ಬಿಸಿ ಕಾಫೀಲಿ ಅದ್ದಿ. ನಮ್ಮಪ್ಪ ಸಂತೆಗೆ ಹೋದಾಗ ಕೊಡ್ಸೋರು" ಎಂದರು.

ಹನ್ನೊಂದು ವರ್ಷದಿಂದ ಬೆಳಿಗ್ಗೆ ರೊಟ್ಟಿ ತಟ್ಟಿ ಇಟ್ಟಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ. ಚೀಟಿಗಳನ್ನು ಎತ್ತಿಡಲು ಹೋದೆ. ಆದರೆ ಅತ್ತೆ ಬಿಡಲಿಲ್ಲ. "ಇನ್ನೊಂದ್ ಚೀಟಿ ತಗೋ, ಕೇಳು" ಎಂದು ತಾವೇ ಆರಿಸಿ ಕೊಟ್ಟರು. ಭಾನುವಾರ, ಸ್ಕೂಲು, ಗೆಳತಿಯರು, ಹಾಡು. ಚೀಟಿ ಮುಗಿಯುವ ತನಕ ಕೇಳಿದೆ. ಕೊನೆಕೊನೆಗೆ ಪರೀಕ್ಷೆಗಾಗಿ ಅಲ್ಲ, ತಿಳಿಯಬೇಕೆಂದೇ ಕೇಳಿದೆ. ಜರ್ಮನ್ ಸಾಲದೆ ಹೋದಲ್ಲಿ ಕನ್ನಡದಲ್ಲೇ ಕೇಳಿದೆ. ನಂಜುಂಡಪ್ಪ ಅದಕ್ಕೂ ಬೈಯಲಿಲ್ಲ.

ನಾಲ್ಕೂವರೆಗೆ ರಾಶಿ ಮುಗಿಯಿತು. ಫೀಸು ಎಷ್ಟೆಂದು ಕೇಳಿದ್ದಕ್ಕೆ ನಂಜುಂಡಪ್ಪ ಕೈ ಮುಗಿದರು. "ಅಲ್ಲಿ ನಾನಿದ್ದ ಮನೆಯ ಅಜ್ಜಿ ಆಲೂಗೆಡ್ಡೆ ಸಿಪ್ಪೆ ತೆಗೀತಾ ತೆಗೀತಾ ನಂಗೆ ಮಾತು ಕಲಿಸಿದ್ರು. ಆಯಮ್ಮ ಒಂದ್ ಪೈಸೆ ಮುಟ್ಟಲಿಲ್ಲ. ನಾನ್ ಹೆಂಗೆ ಮುಟ್ಲಿ?" ಎಂದರು. ಮೇಲಾಗಿ ಅತ್ತೆಯ ಚೀಲಕ್ಕೆ ಒಂದು ಪೊಟ್ಟಣ ಅವರೆಕಾಳು ಹಾಕಿದರು. ಕಂಡರಿಯದ ಆ ಅಜ್ಜಿಗೂ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಐದರ ಬಸ್ಸು ತುಂಬಿ ತುಳುಕುತ್ತಿತ್ತು. ಅತ್ತೆಗೆ ಸೀಟು ಸಿಕ್ಕಿತು, ನಾನು ಹೆಬ್ಬೂರಿನವರೆಗೂ ನಿಂತೇ ಬಂದೆ. ತುಮಕೂರಿನಲ್ಲಿ ಬಸ್ ಬದಲಿಸಿ ಗುಬ್ಬಿಯಲ್ಲಿ ಇಳಿಯುವಾಗ ಏಳೂವರೆ ದಾಟಿತ್ತು, ಮತ್ತೆ ಚಳಿ ಶುರುವಾಗಿತ್ತು. ಬಸ್ ಸ್ಟ್ಯಾಂಡಿನಲ್ಲೇ ನಮ್ಮ ಬೀದಿಯ ಗೌರಮ್ಮ ಎದುರಾದರು.

"ಏನ್ ಗಂಗಕ್ಕ, ಸೊಸೇನ ಕಟ್ಕೊಂಡು ಎಲ್ಲಿಗೋಗಿದ್ರಿ?"

"ಪರೀಕ್ಷೆಗೆ" ಎಂದರು ಅತ್ತೆ.

"ಹೌದಾ? ಏನಾಯ್ತು?"

"ಪಾಸಾದ್ಲು."

ಗೌರಮ್ಮ ನನ್ನ ಕೈ ಹಿಡಿದು ಕುಲುಕಿ ಸಂತೋಷಪಟ್ಟು ಹೋದರು. ನಾಳೆ ಬೆಳಗಾಗುವುದರೊಳಗೆ ಬೀದಿಗೆಲ್ಲ ಸುದ್ದಿ.

"ಅತ್ತೆ, ಪರೀಕ್ಷೆ ಇರೋದು ಶನಿವಾರ!"

"ಅದು ಅವ್ರದ್ದು" ಎಂದು ಅತ್ತೆ ಚೀಲ ನನ್ನ ಕೈಗೆ ದಾಟಿಸಿ ಮುಂದೆ ನಡೆದರು. "ನಂದು ಇವತ್ತು ಮುಗೀತು."