ಅವನು ಶೆಟಗೇರಿಗೆ ಯಾಕೆ ಹೋದ

ದುಡ್ಡಿಗೆ. ಇನ್ಯಾತಕ್ಕೆ? ಒಂದು ವರ್ಷ ಕಂಡಕಂಡವರಿಗೆಲ್ಲ ಹೀಗೇ ಹೇಳಿಕೊಂಡು ತಿರುಗಿದೆ. ಕಾರವಾರದ ಚಹಾದ ಅಂಗಡಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಹೇಳಿದೆ, ಮದುವೆ ಊಟದಲ್ಲಿ ಪಾಯಸ ಬರುವ ಮೊದಲೂ ಹೇಳಿದೆ, ಬಂದ ಮೇಲೂ ಹೇಳಿದೆ. ಕಬಡ್ಡಿ ಪಂದ್ಯಗಳಲ್ಲಿ ಮೈಕ್ ಹಿಡಿದು ಮಾತಾಡುವುದು ನನ್ನ ಕಸುಬಾದ್ದರಿಂದ ಊರಿಗೆ ಊರೇ ಕೇಳುವ ಹಾಗೂ ಹೇಳಿದೆ.

ಅವನು ಎಂದರೆ ಮಾಜಾಳಿಯ ನನ್ನ ಗೆಳೆಯ. ಮನೆಯವರೆಲ್ಲ ಸಮುದ್ರಕ್ಕೆ ಹೋಗುವವರು. ಅವನೂ ದೋಣಿಗೆ ಹೋಗುತ್ತಾನೆ, ಹೋಗದ ದಿನ ಕಬಡ್ಡಿ ಆಡುತ್ತಾನೆ. ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ. ನಮ್ಮ ಕಡೆ ಈಗ ಒಳ್ಳೆಯ ಆಟಗಾರರು ಯಾರೂ ಪುಕ್ಕಟೆ ತೊಡೆ ತಟ್ಟುವುದಿಲ್ಲ. ಆರು ವರ್ಷ ಅವನು ನಮ್ಮ ಬಿಣಗಾದ ತಂಡಕ್ಕೆ ಆಡಿದ. ಆ ಆರು ವರ್ಷವೂ ಬಲಗಡೆಯ ಕಾರ್ನರ್ ನಾನು.

ಕಬಡ್ಡಿ ನೋಡದವರಿಗಾಗಿ ಒಂದು ಮಾತು. ಎದುರಿನ ರೇಡರ್ ಉಸಿರು ಹಿಡಿದು ಒಳಗೆ ಬಂದಾಗ ಹಿಡಿಯುವವರು ಜೋಡಿಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರೆ. ತುದಿಯಲ್ಲಿರುವವ ಕಾರ್ನರ್, ಅವನ ಕೈ ಹಿಡಿದು ಪಕ್ಕದಲ್ಲಿ ನಿಲ್ಲುವವ ಇನ್. ನನ್ನ ಗೆಳೆಯ ರೇಡಿಗೆ ಹೋಗದಾಗ ನನ್ನ ಇನ್. ಆರು ವರ್ಷ ಕೈ ಹಿಡಿದು ನಿಂತಿದ್ದೇವೆ. ನಮ್ಮ ಕೇರಿಯ ಗಂಡಂದಿರು ಹೆಂಡತಿಯ ಕೈಯನ್ನೂ ಅಷ್ಟು ಹೊತ್ತು ಹಿಡಿದದ್ದನ್ನು ನಾನು ಕಂಡಿಲ್ಲ.

ಒಂದು ದಿನ ಬಂಗಡೆ ಮೀನು ತಿನ್ನುತ್ತ, ಮುಳ್ಳು ತೆಗೆಯುವಷ್ಟೇ ಸಲೀಸಾಗಿ ಅವನು ಹೇಳಿದ, "ಬರೂ ವರ್ಷ ನಾ ಶೆಟಗೇರಿಗೆ ಆಡ್ತೆ."

"ಅಂಕೋಲೆ ಶೆಟಗೇರಿಗಾ? ಎಷ್ಟು ಕೊಡ್ತ್ರು?"

"ಕೊಡ್ತ್ರು," ಎಂದು ನಕ್ಕ.

ಆ ಒಂದು 'ಕೊಡ್ತ್ರು' ಮೇಲೆ ನಾನು ಮನಸ್ಸಿನಲ್ಲೇ ಒಂದು ಬಂಗಲೆ ಕಟ್ಟಿದೆ, ಅಂಗಳದಲ್ಲಿ ಅವನಿಗೊಂದು ಹೊಸ ಬೈಕು ನಿಲ್ಲಿಸಿದೆ. ಅವನು ಹೋದ ಮೇಲೆ ನಮ್ಮ ತಂಡ ಸೋಲತೊಡಗಿತು. ಹೊಸ ಇನ್‌ಗೂ ನನಗೂ ಹೊಂದಿಕೆಯಾಗದೆ ಇಬ್ಬರೂ ಒಬ್ಬರ ಕಾಲಿಗೆ ಒಬ್ಬರು ತೊಡರಿಕೊಂಡು ಬಿದ್ದೆವು. ಕೊನೆಗೆ ತಂಡದ ಹಿರಿಯರು ನನ್ನನ್ನು ಕರೆದು, "ತಮಾ, ನಿಂದು ಕೈಕಾಲಿಗಿಂತ ಬಾಯಿ ಚಲೋ ಅದೆ. ಮೈಕ್ ಹಿಡಿ," ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಬಸ್ಸಿನ ಕಂಡಕ್ಟರು, ಮೀನು ಮಾರುವ ಹೆಂಗಸರು, ಫ್ಯಾಕ್ಟರಿಯ ಸೈರನ್ನು, ನನ್ನ ಅಪ್ಪ ಸಿಟ್ಟಿನಲ್ಲಿ ಸೀನುವುದು, ಎಲ್ಲವನ್ನೂ ಮಾಡುತ್ತೇನೆ. ನನ್ನದೇ ದನಿಯನ್ನೂ ಮಾಡಿ ತೋರಿಸುತ್ತೇನೆ: ನೆಗಡಿಯಾದ ಮೇಕೆ ಭಾಷಣಕ್ಕೆ ನಿಂತ ಹಾಗಿರುತ್ತದೆ.

ಶೆಟಗೇರಿಯ ಪರ ಅವನು ರೇಡಿಗೆ ಇಳಿದಾಗಲೆಲ್ಲ ಮೈಕಿನಲ್ಲಿ ಕೂಗುತ್ತಿದ್ದೆ: "ಬಂದ, ಬಂದ, ಮಾಜಾಳಿಯ ಬಂಗಡೆ, ಶೆಟಗೇರಿಯ ರೇಟಿಗೆ! ಮುಟ್ಟುವವರು ಮುಂಗಡ ಕೊಟ್ಟು ಮುಟ್ಟಬೇಕು!" ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನನ್ನ ಕಡೆಗೆ ಕೈಯೆತ್ತಿ ನಗುತ್ತಿದ್ದ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಎಸೆದ ಕಲ್ಲನ್ನು ಎದುರಿನವ ಹೂವಿನ ಹಾಗೆ ಹಿಡಿದರೆ ಎಸೆದವನ ಗತಿಯೇನು?

ಟಿವಿಯಲ್ಲಿ ದೊಡ್ಡ ಆಟಗಾರರ ಹರಾಜು ನಡೆಯುತ್ತಿದ್ದ ದಿನ ಚಹಾದ ಅಂಗಡಿಯಲ್ಲಿ ಜೋರು ಚರ್ಚೆಯಾಯಿತು. ಆಟಗಾರರು ತಂಡ ಬದಲಿಸುವುದು ದುಡ್ಡಿಗೋ, ಮರ್ಯಾದೆಗೋ, ಗೆಲ್ಲುವ ಆಸೆಗೋ? ಮೀನಿನ ಬುಟ್ಟಿ ಇಳಿಸಿ ಚಹಾ ಕುಡಿಯುತ್ತಿದ್ದ ಹೆಂಗಸೊಬ್ಬರು ತೀರ್ಪು ಕೊಟ್ಟರು: "ದುಡ್ಡಿಗಲ್ದೆ ಎಂತಕೆ? ನಾ ಮೀನು ಮಾರೂದು ಮೀನಿನ ಮೇಲಿನ ಪ್ರೀತಿಗಾ?"

"ನೋಡಿ, ನಾನೂ ಅದೇ ಹೇಳೂದು," ಎಂದೆ. "ನಮ್ಮ ಮಾಜಾಳಿಯವನನ್ನೇ ನೋಡಿ."

ಚಹಾ ಸೋಸುತ್ತಿದ್ದ ಅಂಗಡಿಯವರು ತಲೆಯೆತ್ತದೆ ಹೇಳಿದರು: "ಅವ ದುಡ್ಡಿಗೆ ಹೋಗೂದಾದ್ರೆ ಗೋವಾಕ್ಕೆ ಹೋಗ್ತಿದ್ನಲ್ಲ ಮಾರಾಯಾ. ಅಲ್ಲಿಯ ಟೀಮಿನವ್ರು ಅವನ ಮನೆ ಬಾಗಿಲಿಗೇ ಬಂದಿದ್ರು. ಮಾಜಾಳಿಂದ ಗೋವಾ ಅಂದ್ರೆ ಬೀಡಿ ಹಚ್ಚಿ ಆರೂದ್ರೊಳಗೆ ಮುಟ್ತದೆ. ಅದ ಬಿಟ್ಟು ಶೆಟಗೇರಿಗೆ ಓಡ್ತ. ದುಡ್ಡಲ್ಲ ಅದು, ಬೇರೆ ಎಂತದೋ ಅದೆ."

ಬೇರೆ ಎಂತದೋ. ಆ ರಾತ್ರಿಯೂ, ಮರುದಿನ ಹಲ್ಲುಜ್ಜುವಾಗಲೂ ಈ ಮಾತು ಬಾಯೊಳಗೇ ಇತ್ತು. ಬೇರೆ ಎಂತದೂ ಇಲ್ಲವೆಂದು ತೋರಿಸಬೇಕಿತ್ತು. ನನ್ನಲ್ಲಿದ್ದದ್ದು ಒಂದೇ ವಿದ್ಯೆ, ಅದನ್ನೇ ಬಳಸಿದೆ. ಮಧ್ಯಾಹ್ನ ಅಕ್ಕನ ಹಳೆಯ ಮೊಬೈಲು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಗಂಟಲಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡವನ ಹಾಗೆ ದನಿ ದಪ್ಪ ಮಾಡಿ, ಅವನಿಗೆ ಫೋನ್ ಹಚ್ಚಿದೆ.

"ಏನಪಾ ತಮ್ಮಾ, ಆರಾಮ ಅದೀ? ನಾ ಹುಬ್ಬಳ್ಳಿಂದ ಮಾತಾಡಾಕತ್ತೀನಿ. ನಮ್ದೊಂದು ಕಬಡ್ಡಿ ಟೀಮ್ ಐತಿ."

"ಹೌದ್ರಾ? ಹೇಳಿ," ಎಂದ. ಹಿಂದಿನಿಂದ ಸಮುದ್ರದ ಸದ್ದು ಬರುತ್ತಿತ್ತು.

"ಶೆಟಗೇರ್ಯಾಗ ಎಷ್ಟ ಕೊಡ್ತಾರ ನಿನಗ?"

ಅವನು ಮುಚ್ಚುಮರೆಯಿಲ್ಲದೆ ಹೇಳಿದ. ನಮ್ಮ ಬಿಣಗಾದವರು ಕೊಡುತ್ತಿದ್ದುದಕ್ಕಿಂತ ಅದು ಕಡಿಮೆ. ಒಂದು ಗಳಿಗೆ ನನ್ನ ಹುಬ್ಬಳ್ಳಿಯೇ ಮರೆತುಹೋಯಿತು. ಕೆಮ್ಮಿ ಸುಧಾರಿಸಿಕೊಂಡೆ.

"ನಾ ಮೂರುಪಟ್ಟು ಕೊಡ್ತೀನಿ. ಇರಾಕ ರೂಮು, ಉಣ್ಣಾಕ ಮಟನ್ನು. ಹೂಂ ಅನ್ನು."

"ದುಡ್ಡು ಬೇಡ ಅಂದ್ರೆ ಸುಳ್ಳಾಗ್ತದೆ. ದೋಣಿ ಎಂಜಿನ್ ಕೆಟ್ಟು ಕೂತದೆ. ಆದ್ರೆ, ನಿಮ್ಮಲ್ಲಿ ಕಾರ್ನರ್ ಯಾರು?"

"ಕಾರ್ನರ್ ತಗೊಂಡು ಏನ್ ಮಾಡ್ತಿ? ನೀ ರೇಡರ್ ಅಲ್ಲೇನು?"

"ರೇಡು ಅರ್ಧ ನಿಮಿಷದ್ದು. ಉಳಿದದ್ದೆಲ್ಲ ಕೈ ಹಿಡ್ಕಂಡು ನಿಲ್ಲೂದಲ್ರಾ? ಶೆಟಗೇರಿಲಿ ಒಬ್ಬ ಅವ್ನೆ. ಕೂಲಿ ಕೆಲ್ಸದವ. ಅವ ಕೈ ಬಿಡೂದಿಲ್ಲ."

ಅಲ್ಲಿಗೆ ಫೋನ್ ಇಡಬೇಕಿತ್ತು. ಬಾಯಿ ಸುಮ್ಮನಿರಬೇಕಲ್ಲ! "ಮದ್ಲಿನವ ಬಿಟ್ಟಿದ್ದನೇನು?"

"ಬಿಟ್ಟ," ಎಂದ. "ಬೈಯೂಕೆ ಹೇಳೂದಲ್ಲ. ಅವ ನನ್ ಜೀವದ ದೋಸ್ತ. ನಗ್ಸೂದು ಅಂದ್ರೆ ಅವಂಗೆ ಕೈಕಾಲು ನೆನಪಿರೂದಿಲ್ಲ, ಅಷ್ಟೇ."

"ಮುಖಕ್ಕ ಹೇಳಿದ್ಯೇನು ಅವಗ?"

"ಹೆಂಗೆ ಹೇಳೂದು? ನಾ ದುಡ್ಡಿಗೆ ಹೋದೆ ಅಂತ ಹೇಳ್ಕಂಡು ತಿರುಗ್ತ. ಹಂಗೇ ಇರ್ಲಿ, ಅವಂಗೂ ಹಗೂರ." ಆಮೇಲೆ ಉತ್ಸಾಹದಿಂದ, "ನಿಮ್ಗೆ ಮೈಕಿನವ ಬೇಕಾದ್ರೆ ಹೇಳಿ, ಅವನ ನಂಬರ ಕೊಡ್ತೆ. ಇಡೀ ಜಿಲ್ಲೇಲಿ ಅಂತವ ಇಲ್ಲ. ಕಾರ್ನರಿಗೆ ಮಾತ್ರ ನಿಲ್ಸಬೇಡಿ."

ನನ್ನದೇ ನಂಬರನ್ನು ಅವನು ಬಾಯಿಪಾಠ ಹೇಳಿದ. "ಬರ್ಕಂಡ್ರಾ?" ಎಂದು ಕೇಳಿದ. "ಬರಕೊಂಡ್ನಿ," ಎಂದೆ.

ಅವನು ಹೇಳಿದ್ದು ಯಾವ ಆಟದ ಮಾತೆಂದು ನನಗೆ ಕೂಡಲೇ ಗೊತ್ತಾಯಿತು. ಅವನು ನಮ್ಮಲ್ಲಿ ಆಡಿದ ಕೊನೆಯ ವರ್ಷ, ಅಂಕೋಲೆಯ ಮೈದಾನದಲ್ಲಿ ಫೈನಲ್. ಎದುರಿನ ರೇಡರ್ ಕಾದ ಮರಳಿನ ಮೇಲೆ ಬಿಟ್ಟ ಕೋಳಿಯ ಹಾಗೆ ಕುಣಿಯುತ್ತ ಬಂದ. ನಾನು ಕೈ ಕಿತ್ತುಕೊಂಡು ತೊಡೆ ತಟ್ಟಿ ಹಾಗೆಯೇ ಕುಣಿದೆ. ಮೈದಾನವೆಲ್ಲ ಹೋ ಎಂದಿತು. ಈ ಕತೆಯನ್ನು ನಾನು ಹತ್ತಾರು ಕಡೆ ಹೇಳಿದ್ದೇನೆ, ಯಾವಾಗಲೂ ಆ 'ಹೋ'ಗೆ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ ಉಳಿಯುವ ಭಾಗ ಇಷ್ಟು: ಪಕ್ಕದಲ್ಲಿ ನಾನಿದ್ದೇನೆ ಎಂದುಕೊಂಡು ಅವನು ರೇಡರನ ಕಾಲಿಗೆ ಹಾರಿದ. ಹಿಂದಿನಿಂದ ಎಳೆದು ಹಿಡಿಯಬೇಕಾದ ಕೈ ನನ್ನ ತೊಡೆಯ ಮೇಲಿತ್ತು. ಒಬ್ಬನೇ ಬಿದ್ದ, ಭುಜ ತಪ್ಪಿತು. ಎಷ್ಟೋ ದಿನ ದೋಣಿಗೆ ಹೋಗಲಾಗದೆ ದಂಡೆಯ ಮೇಲೆ ಕುಳಿತು ಬೇರೆಯವರ ದೋಣಿ ನೋಡುತ್ತಿದ್ದ. ನಾನು ಹೋಗಿ ಅವನೆದುರು ಡಾಕ್ಟರರ ದನಿ ಮಾಡಿ ನಗಿಸಿ ಬರುತ್ತಿದ್ದೆ.

ಹಿತ್ತಲಿನಲ್ಲಿ ನಿಂತು ಲೆಕ್ಕ ಹಾಕಿದೆ. ದುಡ್ಡಿನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ನಾಚಿಕೆಯಿಲ್ಲ, ಅದು ಎಲ್ಲರಿಗೂ ಇರುತ್ತದೆ, ಚಹಾದಂಗಡಿಯಲ್ಲಿ ಕುಳಿತು ಹಂಚಿಕೊಳ್ಳಬಹುದು. ಯಾವನೋ ಕೂಲಿಯವನ ಕೈಯ ಮೇಲಿನ ಹೊಟ್ಟೆಕಿಚ್ಚನ್ನು ಯಾರ ಹತ್ತಿರ ಹೇಳುವುದು? ಗೆಳೆಯ ಮೂರುಪಟ್ಟು ದುಡ್ಡಿಗೆ ಹೂಂ ಎಂದಿದ್ದರೆ ಅವತ್ತು ನಾನು ಅವನಿಗೆ ಬಿರಿಯಾನಿ ಕೊಡಿಸುತ್ತಿದ್ದೆ.

ಹುಬ್ಬಳ್ಳಿಯ ಮಾಲಕ ನಾನೆಂದು ಅವನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಆ ವಾರವೇ ಅಂಕೋಲೆಯ ಬಸ್ಸು ಹತ್ತಿದೆ, ಅಲ್ಲಿಂದ ಶೆಟಗೇರಿಗೆ. ಆ ಕೈ ನೋಡಬೇಕಿತ್ತು. ಕೊಯ್ಲಾದ ಗದ್ದೆಯಲ್ಲಿ ಗೆರೆ ಎಳೆದು ಸಂಜೆಯ ಅಭ್ಯಾಸ ಶುರುವಾಗುತ್ತಿತ್ತು. ನನ್ನ ಗೆಳೆಯ ಇನ್ನೂ ಬಂದಿರಲಿಲ್ಲ. ಕಾರ್ನರನ್ನು ತೋರಿಸಿದರು. ನಾನು ತೇಗದ ದಿಮ್ಮಿಯಂಥವನನ್ನು ಕಲ್ಪಿಸಿಕೊಂಡು ದ್ವೇಷಿಸುತ್ತ ಬಂದಿದ್ದೆ. ಇವನು ನನ್ನ ಭುಜಕ್ಕೆ ಬರುವ, ಹುಣಸೆಯ ಬರಲಿನಂಥ ತೆಳ್ಳಗಿನ ಆಳು. ಅಷ್ಟು ದಿನದ ದ್ವೇಷವೆಲ್ಲ ದಂಡವಾಯಿತು.

"ಬನ್ನಿ ಬನ್ನಿ, ಮೈಕಿನವ್ರು!" ಎಂದ. ಅಷ್ಟೇ. ನಾನು ಅವನನ್ನು ಮೇಲಿಂದ ಕೆಳಗೆ ನೋಡಿದೆ. ಕುಂಟುವುದಿಲ್ಲ, ಉಗ್ಗುವುದಿಲ್ಲ, ಮೂಗಿನಲ್ಲಿ ಮಾತಾಡುವುದಿಲ್ಲ, ಕಿವಿ ಕೆರೆಯುವುದಿಲ್ಲ. ಮಿಮಿಕ್ರಿ ಮಾಡಲು ಅವನಲ್ಲಿ ಒಂದು ಎಳೆಯೂ ಸಿಗಲಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

"ಎಂತಾ ಕೆಲ್ಸ ನಿಮ್ದು?" ಎಂದೆ.

"ಚಿರೆಕಲ್ಲು ಲಾರಿಗೆ ಹತ್ಸೂದು. ನಾ ಕೆಳಗೆ, ಮತ್ತೊಬ್ಬ ಲಾರಿ ಮೇಲೆ. ಕಲ್ಲು ಎತ್ತಿ ಕೊಡ್ತೆ. ಅವ 'ಹಾಂ' ಅನ್ನೂ ತನಕ ಬಿಡೂಕೆ ಆಗೂದಿಲ್ಲ."

"ಅದೇ ಅಭ್ಯಾಸ ಆಟಕ್ಕೂ ಬಂತಾ?"

"ಅಭ್ಯಾಸ ಎಂತದ್ರಾ, ಹೆದ್ರಿಕೆ. ಬಿಟ್ರೆ ಕಾಲ ಮೇಲೆ ಬೀಳ್ತದೆ," ಎಂದು ಹೆಬ್ಬೆರಳಿನ ಉಗುರಿಲ್ಲದ ಕಾಲು ತೋರಿಸಿದ.

ಗೆಳೆಯ ಬರುವ ತನಕ ಇನ್ ಜಾಗದಲ್ಲಿ ನಾನು ನಿಲ್ಲಲೇ ಎಂದು ಕೇಳಿದೆ. ಅವನು ಕೈ ಚಾಚಿದ. ಒರಟು ಕೈ, ಚಿರೆಕಲ್ಲಿನ ಕೆಂಪು ಪುಡಿ ಉಗುರಿನ ಸಂದಿಗಳಲ್ಲಿ ಉಳಿದಿತ್ತು. ಗಟ್ಟಿಯಾಗಿ ಹಿಡಿದಿರಲಿಲ್ಲ, ಆದರೆ ನಾನು ಒಂಚೂರು ಅಲ್ಲಾಡಿದರೂ ಅದಕ್ಕೆ ಗೊತ್ತಾಗುತ್ತಿತ್ತು. ರೇಡಿಗೆ ಬಂದವ ಒಬ್ಬ ದಢೂತಿ, 'ಕಬಡ್ಡಿ ಕಬಡ್ಡಿ' ಎನ್ನುವುದು ಕುಕ್ಕರಿನ ಸೀಟಿಯ ಹಾಗೆ ಕೇಳುತ್ತಿತ್ತು. ನಾಲಿಗೆ ತುರಿಸಿತು. ಆ ಸೀಟಿ ನನ್ನ ಹಲ್ಲಿನ ತುದಿಗೆ ಬಂದು ನಿಂತಿತ್ತು, ಹೊರಗೆ ಬಿಟ್ಟರೆ ಇಡೀ ಗದ್ದೆ ನಗುತ್ತಿತ್ತು. ಅಷ್ಟರಲ್ಲಿ ಕಾರ್ನರ್ ನನ್ನ ಕೈಯನ್ನು ಮೆಲ್ಲಗೆ ಒತ್ತಿದ. ಸೀಟಿ ನುಂಗಿದೆ. ಅವನು ಹಾರಿ ಕಾಲು ಹಿಡಿದ, ನಾನು ಅವನನ್ನು ಹಿಂದಕ್ಕೆ ಎಳೆದೆ, ಮೂವರೂ ಗದ್ದೆಯ ಕೂಳೆಯ ಮೇಲೆ ಉರುಳಿದೆವು. ರೇಡರ್ ಔಟ್.

"ಬಿಡಿ ಮಾರಾಯ್ರೆ, ಮುಗೀತು," ಎಂದ ಕಾರ್ನರ್. ನಾನು ಅವನ ಕೈ ಹಿಡಿದೇ ಇದ್ದೆ.

"ಏ! ನೀ ಎಂತಾ ಮಾಡ್ತಿದ್ಯೋ ಅಲ್ಲಿ?"

ಗೆಳೆಯ ತನ್ನ ಹಳೆಯ ಬೈಕು ನಿಲ್ಲಿಸಿ ಗದ್ದೆಗೆ ಇಳಿಯುತ್ತಿದ್ದ. ನಗುತ್ತಲೇ ಬಂದ, ಆದರೆ ಕಣ್ಣು ನಮ್ಮ ಕೈಗಳ ಮೇಲಿತ್ತು. "ಏಳ್ ಏಳ್. ಅದು ನನ್ ಜಾಗ."

ಎದ್ದೆ. ಮೈಗೆ ಹತ್ತಿದ ಹುಲ್ಲು ಕೊಡವಿಕೊಂಡೆ. ಏನಾದರೂ ನಗೆಮಾತು ಹೇಳುತ್ತೇನೆಂದು ಎಲ್ಲರೂ ಕಾಯುತ್ತಿದ್ದರು.

"ಭುಜ ಹೆಂಗದೆ?" ಎಂದು ಅವನನ್ನು ಕೇಳಿದೆ.

ಅವನು ತಬ್ಬಿಬ್ಬಾದ. "ತಂಡಿ ಬಿದ್ರೆ ಎಳೀತದೆ. ಎಂತಕೆ? ಮೈಕಿನಲ್ಲಿ ಹೇಳೂಕಾ?"

"ಇಲ್ಲ," ಎಂದೆ. "ನಾ ಕೈ ಬಿಟ್ಟದ್ದಕ್ಕೆ ಆದದ್ದು ಅದು."

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ಇದು ಯಾರ ದನಿ ಎಂದು ಹುಡುಕುವವನ ಹಾಗೆ. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದ, ಸಾಕಷ್ಟು ಜೋರಾಗಿಯೇ. "ಗೊತ್ತದೆ ಮಾರಾಯಾ," ಎಂದು ಗೆರೆಯೊಳಗೆ ಹೋಗಿ ಕಾರ್ನರ್‌ನವನ ಕೈ ಹಿಡಿದು ನಿಂತ. 'ನನ್ ಜಾಗ' ಎಂದು ನನ್ನ ಪಕ್ಕದ ಜಾಗಕ್ಕೆ ಅವನು ಆರು ವರ್ಷದಲ್ಲಿ ಒಮ್ಮೆಯೂ ಹೇಳಿದ್ದಿಲ್ಲ. ನಾನು ಗದ್ದೆಯ ಬದುವಿನ ಮೇಲೆ ಕುಳಿತು, ಕತ್ತಲಾಗಿ ಗೆರೆ ಕಾಣದಾಗುವವರೆಗೂ ಆ ಎರಡು ಕೈಗಳನ್ನೇ ನೋಡಿದೆ.