ಮಗ್ಗಲಮನಿ ದೊಡ್ಡವ್ವ ಹೇಳದೆ ಉಳಿಸಿಕೊಂಡ ಒಡಪು

ಕಳೆದ ತಿಂಗಳು ಗಜೇಂದ್ರಗಡದಲ್ಲಿ ನನ್ನ ಅಣ್ಣನ ಮಗನ ಮದುವೆಯಾಯಿತು. ಹೊಸ ಸೊಸೆ ಮನೆ ತುಂಬುವ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, "ಒಡಪು ಹಾಕಿ ಗಂಡನ ಹೆಸರ ಹೇಳು, ಅಂದ್ರನ ಒಳಗ" ಎಂದು ಪಟ್ಟು ಹಿಡಿದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಹೇಳಲೇಬೇಕಾದರೆ ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಅದೇ ಒಡಪು. ಈ ಹುಡುಗಿ ಜಾಣೆ. ಸೆರಗಿನ ಮರೆಯಿಂದ ಮೊಬೈಲು ತೆಗೆದು, ಎಲ್ಲಿಂದಲೋ ಹುಡುಕಿಟ್ಟುಕೊಂಡಿದ್ದ ಒಡಪನ್ನು ಗಡಗಡ ಓದತೊಡಗಿದಳು. ಹಾಲು, ಜೇನು, ಚಂದ್ರ, ಚುಕ್ಕಿ ಎಲ್ಲ ಬಂದು ಹೋದವು. ಕೊನೆಗೆ ಅದೇ ರಾಗದಲ್ಲಿ, "ಇಲ್ಲಿ ನಿಮ್ಮ ಪತಿಯ ಹೆಸರು ಸೇರಿಸಿರಿ" ಎಂದೂ ಓದಿಬಿಟ್ಟಳು.

ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು. ಪಕ್ಕದಲ್ಲಿದ್ದ ಮದುಮಗ, "ತಲಿ ಮ್ಯಾಲ ಅಕ್ಕಿಕಾಳ ಬಿದ್ದ ದಿನಾನ ನನ್ನ ಹೆಸರ ಬದಲಿ ಆತಲ್ಲೋ" ಎಂದ. ಪಾಪ, ಹುಡುಗಿಯ ಮುಖ ಕೆಂಪಾಯಿತು, ಆಮೇಲೆ ಆಕೆಯೂ ನಕ್ಕಳು. ನಾನು ಮಾತ್ರ ಆಕೆಯ ಕೈಯಲ್ಲಿದ್ದ ಆ ಮೊಬೈಲನ್ನೇ ನೋಡುತ್ತ ನಿಂತೆ. ರೋಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಗ್ಗಲಮನಿ ದೊಡ್ಡವ್ವ ನೆನಪಾದಳು...

ಇಪ್ಪತ್ತೆರಡು ವರ್ಷದ ಹಿಂದೆ ನಾನು ರೋಣಕ್ಕೆ ಸೊಸೆಯಾಗಿ ಹೋದವಳು. ನಾನೇನು ಬಾಯಿ ಸತ್ತವಳಲ್ಲ. ಸಾಲಿಯಲ್ಲಿ ಭಾಷಣಕ್ಕೆ ಬಹುಮಾನ ಹೊಡೆದವಳು, ತವರಿನಿಂದ ನಾಲ್ಕು ಒಡಪು ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಆದರೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಆ ಕಡೆ ಈ ಕಡೆ ಕೈ ಅಡ್ಡ ಹಿಡಿದ ಇಬ್ಬರು ನಾದಿನಿಯರು, ಹಿಂದೆ ಇಡೀ ಓಣಿ... ನಾಲ್ಕಕ್ಕೆ ನಾಲ್ಕೂ ಒಡಪು ಮರೆತುಹೋದವು. "ಹೇಳವಾ, ಇಲ್ಲಾಂದ್ರ ಬಂದ ದಾರೀಲೆ ಗಜೇಂದ್ರಗಡಕ್ಕ ನಡಿ" ಎಂದು ನಾದಿನಿಯರು ಚೇಷ್ಟೆ ಮಾಡುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಆಗ ಗುಂಪಿನ ಹಿಂದಿನಿಂದ, ಗೋಡೆಯ ಕಡೆಯಿಂದ ಒಂದು ದನಿ ಬಂತು. "ಹಿಂಗ ಅನ್ನ ಯವ್ವಾ: ಎಳೀ ಸುಲಗಾಯಿ ತಿಂದೇನಿ, ಜ್ವಾಳದ ಸೀತನಿ ಸುಟಗೊಂಡ ತಂದೇನಿ, ಹೊಸ್ತಲ ಬಿಡ್ರಿ ನಾದನಿ... ಮುಂದ ಹೆಸರ ನೀನ ಹಾಕಿ, ಕೂಡ ಬಂದೇನಿ ಅನ್ನು." ನಾನು ಗಿಳಿಯಂತೆ ಅಷ್ಟನ್ನೂ ಒಪ್ಪಿಸಿ, ನಡುವೆ ನಮ್ಮವರ ಹೆಸರು ತುರುಕಿ, ಸೇರು ಒದ್ದು ಒಳಗೆ ಹೋದೆ. ದನಿ ಯಾರದೆಂದು ತಿರುಗಿ ನೋಡಿದರೆ, ಬೋಳು ಹಣೆಯ, ಎತ್ತರದ ಹೆಂಗಸೊಬ್ಬಳು ಸೆರಗು ಹೊದ್ದುಕೊಂಡು ಗೋಡೆಗೆ ಒರಗಿ ನಿಂತು ನಗುತ್ತಿದ್ದಳು. ನಮ್ಮ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ಓಣಿಗೆಲ್ಲ ಆಕೆ ದೊಡ್ಡವ್ವ.

ಒಡಪು ಕಟ್ಟುವುದರಲ್ಲಿ ಆಕೆಯ ಸರಿಸಾಟಿ ರೋಣದಲ್ಲಿ ಯಾರೂ ಇರಲಿಲ್ಲ ಎಂದು ನಾನು ಪಂಥ ಕಟ್ಟಿ ಹೇಳುತ್ತೇನೆ. ಚಳಿಗಾಲದ ಸಂಜೆ ನಮ್ಮ ಕಟ್ಟೆಯ ಮೇಲೆ ಹೆಂಗಸರೆಲ್ಲ ಸೇರುತ್ತಿದ್ದೆವು. ನಡುವೆ ಕಡಲೆಯ ಸುಲಗಾಯಿಯ ರಾಶಿ, ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು. ಟೀವಿ ಮನೆಯೊಳಗೆ ತಾನೇ ಮಾತಾಡಿಕೊಳ್ಳುತ್ತಿತ್ತು, ನಮಗೆ ಅದು ಬೇಕಿರಲಿಲ್ಲ. ಮದುವೆ ಗೊತ್ತಾದ ಹುಡುಗಿಯೊಬ್ಬಳು ನಾಚಿಕೊಂಡು ಬಂದು ಕೂತರೆ ದೊಡ್ಡವ್ವ ಮೊದಲು ಕೇಳುತ್ತಿದ್ದದ್ದು, "ಅವಗ ಏನ ಸೇರತೈತಿ ತಿನ್ನಾಕ?" ಎಂದು. ಎರಡನೆಯದು, "ಸಿಟ್ಟ ಬಂದ್ರ ಏನ ಮಾಡ್ತಾನ?" ಇಷ್ಟು ಗೊತ್ತಾದರೆ ಸಾಕು. ನಾಲ್ಕು ಸುಲಗಾಯಿ ಸುಲಿಯುವುದರೊಳಗೆ ಒಡಪು ತಯಾರು.

ನನ್ನ ನೆಗೆಣ್ಣಿಯ ಗಂಡ, ಅಂದರೆ ನನ್ನ ಮೈದುನ, ಗದಗಿನ ಬಸ್ಸಿಗೆ ಕಂಡಕ್ಟರ್. ಆತ ಹೆಂಡತಿಗೂ ಟಿಕೀಟು ಹರಿಯುವಂಥ ನೆಟ್ಟಗಿನ ಮನುಷ್ಯ. ಆಕೆಗೆ ದೊಡ್ಡವ್ವ ಕಟ್ಟಿಕೊಟ್ಟದ್ದು ಇದು: "ಗದಗಿನ ಗಾಡಿ ಗದ್ದಲ ಭಾಳ, ಕಿಡಕಿ ಸೀಟ ಸಿಗೂದಿಲ್ಲ, ಶಿವಪ್ಪ ಕಂಡಕ್ಟರ ಆದ್ರೂ ನನಗ ಟಿಕೀಟ ಬಿಡೂದಿಲ್ಲ." ಇದು ಹೇಗೋ ಡಿಪೋದವರೆಗೂ ಮುಟ್ಟಿ, ಆ ಮನುಷ್ಯ ಒಂದು ವಾರ ಮುಖ ಊದಿಸಿಕೊಂಡು ತಿರುಗಾಡಿದ. ದೊಡ್ಡವ್ವ ಒಂದು ಬಟ್ಟಲು ಶೇಂಗಾ ಉಂಡಿ ಕಳಿಸಿ ಸಮಾಧಾನ ಮಾಡಿದಳು.

ಆಕೆಯ ಮಾತಿನಲ್ಲಿ ಒಂದು ವಿಚಿತ್ರ ನನಗೆ ನಿಧಾನವಾಗಿ ಗೊತ್ತಾಯಿತು. ಆಕೆ ಬಸ್ಸಿಗೆ ಎಂದೂ ಬಸ್ಸು ಅನ್ನುತ್ತಿರಲಿಲ್ಲ, ಗಾಡಿ ಎನ್ನುತ್ತಿದ್ದಳು. ಇರಲಿ, ನಮ್ಮ ಕಡೆ ಭಾಳ ಮಂದಿ ಹಾಗನ್ನುತ್ತಾರೆ. ಆದರೆ ಅನ್ನ ಬಸಿ ಅನ್ನಲಿಕ್ಕೆ, "ಅನ್ನದ ನೀರ ತಗಿ" ಎನ್ನುತ್ತಿದ್ದಳು. ಬಸಳೆ ಸೊಪ್ಪು ಆಕೆಯ ಬಾಯಲ್ಲಿ ಬಳ್ಳಿ ಪಲ್ಯ. ನಾನು ಮೊದಲ ಸಲ ಬಸಿರಾದಾಗ ಓಣಿಯೆಲ್ಲ ಬಸುರಿ, ಬಸುರಿ ಎನ್ನುತ್ತಿದ್ದರೆ ಆಕೆ ಮಾತ್ರ, "ನಮ್ಮ ಎರಡ ಜೀವದಾಕಿ ಹ್ಯಾಂಗದಾಳ?" ಎಂದು ಕೇಳುತ್ತ ಬರುತ್ತಿದ್ದಳು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಒಂದು ದಿನ ಫಕ್ಕನೆ ಹೊಳೆಯಿತು. ದೊಡ್ಡ ಪತ್ತೇದಾರಿ ಮಾಡಿದವಳಂತೆ ನಮ್ಮವರ ಹತ್ತಿರ ಹೋಗಿ, "ದೊಡ್ಡವ್ವನ ಗಂಡನ ಹೆಸರು ಬಸಪ್ಪ ಇರಬೇಕು ನೋಡ್ರಿ" ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ಆಕಿ ಮನಿ ಬಾಗಲ ಮ್ಯಾಲ ಬರದೈತಲ್ಲ" ಎಂದರು. ಹೌದು, ನಾನು ದಿನಾ ನೋಡುವ ಬಾಗಿಲೇ.

ಉಳಿದದ್ದನ್ನು ನನ್ನ ಅತ್ತೆ ಹೇಳಿದರು. ಅವರೂ ದೊಡ್ಡವ್ವನೂ ಒಂದೇ ವರ್ಷ ಆ ಓಣಿಗೆ ಬಂದ ಸೊಸೆಯಂದಿರು. ನರಗುಂದದಿಂದ ಮದುವೆಯಾಗಿ ಬಂದ ದಿನ ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಬಾಯೇ ತೆರೆಯಲಿಲ್ಲವಂತೆ. ಎಷ್ಟು ಕಾಡಿದರೂ, "ಇವತ್ತ ಒಲ್ಲೆ, ನಾಳಿ ಹೇಳ್ತೀನಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಂತೆ. ಆಕೆಯ ಅತ್ತೆ ನಕ್ಕು ಒಳಗೆ ಬಿಟ್ಟುಕೊಂಡರು. ಆ ನಾಳೆ ಬರಲೇ ಇಲ್ಲ, ಎರಡು ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ಹೋದ. ಆಮೇಲೆ ಆಕೆ ಮೈದುನನ ಮಕ್ಕಳನ್ನು ಎತ್ತಿ ಆಡಿಸಿ, ಹೊಲ ಮನೆ ನೋಡಿಕೊಂಡು ಅಲ್ಲೇ ಉಳಿದಳು. ಒಡಪು ಕೇಳುವುದು ಮುತ್ತೈದೆಯರನ್ನು ಮಾತ್ರ. ಗಂಡ ಇಲ್ಲದವಳನ್ನು ಯಾರೂ ಕೇಳುವುದಿಲ್ಲ, ಕೇಳಬಾರದು.

ಒಮ್ಮೆ ಒಡಪು ಕಲಿಯಲು ಬಂದಿದ್ದ ಹುಡುಗಿ ನಾಚಿಕೊಂಡು, "ನಾಳಿ ಹೇಳ್ತೀನಿ ದೊಡ್ಡವ್ವಾ" ಎಂದಳು. ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಿದಳು.

"ನಾಳಿ ಅನಬ್ಯಾಡ ಯವ್ವಾ. ನಾ ಅಂದಿದ್ದೆ. ಒಂದ ಸಲಾನರ ಬಾಯ್ತುಂಬ ಅವರ ಹೆಸರ ಹೇಳಿದ್ರ ಆಗತಿತ್ತು... ಈಗ ನನ್ನ ಯಾರ ಕೇಳ್ತಾರ?"

ಅಷ್ಟು ಹೇಳಿ ಮತ್ತೆ ಸುಲಗಾಯಿಗೆ ಕೈ ಹಾಕಿದಳು. ಕಟ್ಟೆಯ ಮೇಲಿದ್ದ ನಾವು ಏಳೆಂಟು ಹೆಂಗಸರಲ್ಲಿ ಒಬ್ಬರಾದರೂ, "ಹಂಗಾದ್ರ ಈಗ ಹೇಳ್ರಿ" ಅನ್ನಬಹುದಿತ್ತು. ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

ಹತ್ತು ವರ್ಷದ ಹಿಂದೆ ನಾವು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದೆವು. ಗೃಹಪ್ರವೇಶದ ದಿನ ನನ್ನ ಒಂಬತ್ತು ವರ್ಷದ ಮಗಳು ಬೆಳಿಗ್ಗೆಯಿಂದ ಹೊಸ ಹೊಸ್ತಿಲಿಗೆ ಕಾವಲು ಕೂತಳು. ಬಂದ ಬಂದ ಹೆಂಗಸರನ್ನೆಲ್ಲ ತಡೆದು ಒಡಪು ವಸೂಲಿ ಮಾಡಿಯೇ ಒಳಗೆ ಬಿಡುತ್ತಿದ್ದಳು. ಎಲ್ಲರಿಗೂ ಅದೊಂದು ಆಟ. ಹನ್ನೊಂದು ಗಂಟೆಯ ಸುಮಾರಿಗೆ ದೊಡ್ಡವ್ವ ಬಂದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಹೋಳಿಗೆಯ ಬುಟ್ಟಿ. ಎಂದಿನಂತೆ ಹಿತ್ತಲ ಬಾಗಿಲ ಕಡೆಗೆ ತಿರುಗಿದ್ದಳು. ನನ್ನ ಮಗಳು ಓಡಿಹೋಗಿ ಆಕೆಯ ಸೆರಗು ಹಿಡಿದು ಎಳೆದುಕೊಂಡು ಬಂದು ಹೊಸ್ತಿಲ ಮುಂದೆ ನಿಲ್ಲಿಸಿದಳು.

"ಎಲ್ಲಾರಿಗೂ ನೀವ ಕಲಸೀರಿ, ನಿಮ್ಮದ ಹೇಳ್ರಿ. ಅಂದ್ರನ ಒಳಗ."

ಅತ್ತೆ ಪೂಜೆಯ ಮನೆಯಿಂದ ಧಾವಿಸಿ ಬಂದು, "ಏ ಹುಡುಗಿ, ಬುದ್ಧಿ ಐತಿಲ್ಲ? ಆಕಿಗೆ ಕೇಳಬಾರದು, ಬಿಡು" ಎಂದು ಗದರಿದರು. ಮಗಳು ನನ್ನ ಮುಖ ನೋಡಿದಳು. ದೊಡ್ಡವ್ವ ಬುಟ್ಟಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಮಗಳನ್ನು ಎಳೆದುಕೊಂಡರೆ ಎಲ್ಲ ಮುಗಿಯುತ್ತಿತ್ತು, ಊಟಕ್ಕೆ ಎಲೆ ಹಾಕುತ್ತಿದ್ದೆವು. ಅತ್ತೆಯ ಎದುರು ಅಲ್ಲಿಯತನಕ ನಾನು ಒಂದೂ ಎದುರು ಮಾತಾಡಿದವಳಲ್ಲ. ಆದರೂ ಹೋಗಿ ಮಗಳ ಪಕ್ಕದಲ್ಲಿ ನಿಂತು ನಾನೂ ಬಾಗಿಲಿಗೆ ಕೈ ಅಡ್ಡ ಹಿಡಿದೆ.

"ನಾನ ಕೇಳಾಕತ್ತೀನಿ ದೊಡ್ಡವ್ವಾ. ಹೇಳ್ರಿ."

ಆಕೆ ಬುಟ್ಟಿಯನ್ನು ಕೆಳಗಿಟ್ಟಳು. ತಲೆಯ ಮೇಲಿನ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಏನೋ ದುಃಖದ ಮಾತು ಬರುತ್ತದೆಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಹದಿನಾರು ಹದಿನೇಳರ ಹುಡುಗಿ ಗಾಡಿಯಲ್ಲಿ ಕೂತು ದಾರಿಯುದ್ದ ಕಟ್ಟಿಕೊಂಡು ಬಂದಿದ್ದ ಒಡಪು, ಇದ್ದಕ್ಕಿದ್ದಂತೆ ಆ ಮುದುಕಿಯ ಬಾಯಿಂದ ಬಂತು.

"ನರಗುಂದದ ಗುಡ್ಡ ಬಿಟ್ಟ ಬಂದೆ, ನಾಕ ಊರ ದಾಟಿ ಬಂದೆ,
ಬಾಗಲ ಬಿಡ್ರಿ ಅತ್ತಿ ಲಗೂನ, ಬಸಪ್ಪರಾಯರು ಹಸದಾರ, ರೊಟ್ಟಿ ಬಡ್ಯಾಕ ಬಂದೆ."

ನನ್ನ ಅತ್ತೆ, ಆಗಷ್ಟೇ ಗದರಿದವರು, ಬಂದು ನಮ್ಮಿಬ್ಬರ ಕೈ ಸರಿಸಿದರು. ಅವರ ಕಣ್ಣಲ್ಲಿ ನೀರಿತ್ತು.

"ಬಾರವ್ವಾ ಒಳಗ" ಎಂದರು. "ಏಸ ವರ್ಷ ಹೊರಗ ನಿಂದ್ರತಿ?"

ದೊಡ್ಡವ್ವ ಅತ್ತಳು, ನಕ್ಕಳು, ಆಮೇಲೆ ಹೊಟ್ಟೆ ತುಂಬ ಹೋಳಿಗೆ ಉಂಡಳು. ಅಷ್ಟು ಉಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮರುದಿನದಿಂದ ಮತ್ತೆ ಅವೇ ಸುತ್ತುಬಳಸಿನ ಮಾತು, ಅವೇ ಚೇಷ್ಟೆ. ಆದರೆ ಆ ದಿನದಿಂದ ಆಕೆ ನಮ್ಮ ಮನೆಗೆ ಮುಂಬಾಗಿಲಿನಿಂದಲೇ ಬರುತ್ತಿದ್ದಳು, ಯಾರೂ ಕರೆಯದಿದ್ದರೂ.

ಆಕೆ ಹೋಗಿ ಎರಡು ವರ್ಷವಾಯಿತು. ಚಳಿಗಾಲದಲ್ಲಿ ಕಟ್ಟೆಯ ಮೇಲೆ ಈಗಲೂ ಸುಲಗಾಯಿ ಸುಲಿಯುತ್ತೇವೆ, ಒಡಪು ಕಟ್ಟಲು ನಾನೂ ಕೂರುತ್ತೇನೆ. ನನ್ನ ಪ್ರಾಸ ಕುಂಟುತ್ತದೆ. ತಿದ್ದಲು ಆಕೆ ಇಲ್ಲ ಎಂಬ ಕೊರತೆ ನನಗೆ ದಿನಾ ತಟ್ಟುತ್ತದೆ. ಅದಕ್ಕಿಂತ ಹೆಚ್ಚು ಚುಚ್ಚುವುದು ಬೇರೆ. ಗೋಡೆಗೆ ಗೋಡೆ ಹಚ್ಚಿಕೊಂಡು ಅಷ್ಟು ವರ್ಷ ಬದುಕಿ, ಆಕೆಗೆ ಏನು ಬೇಕೆಂದು ತಿಳಿದೂ, ಕೇಳಲು ನನಗೆ ಒಂಬತ್ತು ವರ್ಷದ ಮಗಳ ಧೈರ್ಯ ಬೇಕಾಯಿತು. ಮೊದಲೇ ಕೇಳಬೇಕಿತ್ತು.

ಗಜೇಂದ್ರಗಡದ ಆ ಮದುವೆಯಲ್ಲಿ ಸೊಸೆ ಕೊನೆಗೂ ಸರಿಯಾದ ಹೆಸರು ಹೇಳಿ ಒಳಗೆ ಹೋದಳು. ಎಲ್ಲರೂ ಚದುರುತ್ತಿದ್ದರು. ನನ್ನ ಅವ್ವ, ಮದುಮಗನ ಸ್ವಂತ ಅಜ್ಜಿ, ಗುಂಪಿನ ಹಿಂದೆ ಗೋಡೆಯ ಹತ್ತಿರ ನಿಂತಿದ್ದಳು. ಅಪ್ಪ ಹೋಗಿ ಆರು ವರ್ಷ. ನಾನು ಹೋಗಿ ಆಕೆಯ ಕೈ ಹಿಡಿದು ಹೊಸ್ತಿಲ ಮುಂದೆ ಕರೆತಂದೆ.

"ಅವ್ವಾ, ಈಗ ನೀ ಹೇಳು."

"ಹುಚ್ಚ ಹಿಡದೈತೇನ ನಿನಗ?" ಎಂದು ಅವ್ವ ಕೈ ಕೊಸರಿಕೊಂಡಳು. ನಾನು ಬಿಡಲಿಲ್ಲ. ಆಕೆ ಸುತ್ತ ಎಲ್ಲರ ಮುಖ ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.